ನಡುವಿನ ತಾರೀಕು

ಕೋರ್ಟಿನಿಂದ ಕೊಡುವ ತೀರ್ಪಿನ ನಕಲಿನ ಬೆನ್ನಿಗೆ ಮೂರು ತಾರೀಕುಗಳಿರುತ್ತವೆ — ಅರ್ಜಿ ಬಂದ ದಿನ, ನಕಲು ಸಿದ್ಧವಾದ ದಿನ, ಅದನ್ನು ಕೈಗೆ ಕೊಟ್ಟ ದಿನ. ಮುನಿವೆಂಕಟಪ್ಪನವರಿಗೆ ಕೊಟ್ಟ ನಕಲಿನಲ್ಲಿ ನಡುವಿನ ತಾರೀಕು ಸುಳ್ಳು. ಬರೆದವಳು ನಾನು. ಕೈತಪ್ಪಿ ಅಲ್ಲ — ತಿಳಿದೇ ಬರೆದೆ.

ಆಗ ನಾನು ಮುನ್ಸೀಫ್ ಕೋರ್ಟಿನ ನಕಲು ವಿಭಾಗಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದ್ದೆ. ಪರೀಕ್ಷೆಯಲ್ಲಿ ನ್ಯಾಯಾಂಗದ ರಚನೆಯನ್ನು ಮೆಟ್ಟಿಲುಗಳಂತೆ ಬರೆದು ಒಳ್ಳೆಯ ಅಂಕ ಪಡೆದಿದ್ದೆ: ಕೆಳಗೆ ಮುನ್ಸೀಫ್ ಕೋರ್ಟು, ಅದರ ಮೇಲೆ ಜಿಲ್ಲಾ ನ್ಯಾಯಾಲಯ, ಅದರ ಮೇಲೆ ಹೈಕೋರ್ಟು, ಎಲ್ಲಕ್ಕೂ ಮೇಲೆ ದೆಹಲಿಯಲ್ಲಿ ಸುಪ್ರೀಂ ಕೋರ್ಟು. ಆ ಚಿತ್ರದಲ್ಲಿ ನಮ್ಮ ಕೋಣೆ ಇರಲಿಲ್ಲ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಮನುಷ್ಯ ಹೋಗುವುದಿಲ್ಲ, ಅವನ ಕಾಗದ ಹೋಗುತ್ತದೆ — ಇದನ್ನು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

ನಿಯಮ ಹೀಗೆ. ಮುನ್ಸೀಫರ ತೀರ್ಪನ್ನು ಒಪ್ಪದವರು ಮೂವತ್ತು ದಿನದೊಳಗೆ ಮೇಲಿನ ನ್ಯಾಯಾಲಯಕ್ಕೆ ಅಪೀಲು ಹಾಕಬೇಕು. ಜೊತೆಗೆ ತೀರ್ಪಿನ ನಕಲು ಇರಬೇಕು. ನಕಲು ಮಾಡಲು ನಾವು ತೆಗೆದುಕೊಂಡ ದಿನಗಳನ್ನು ಆ ಮೂವತ್ತರಲ್ಲಿ ಹಿಡಿಯುವುದಿಲ್ಲ. ಸಿದ್ಧವಾಯಿತೆಂದು ನಾವು ಬರೆದು, ಹೊರಗಿನ ಬೋರ್ಡಿನ ಪಟ್ಟಿಗೆ ಸೇರಿಸಿದ ದಿನದಿಂದ ಗಡುವು ಮತ್ತೆ ಓಡತೊಡಗುತ್ತದೆ. ಮುನಿವೆಂಕಟಪ್ಪನವರು ಅರ್ಜಿ ಕೊಟ್ಟದ್ದೇ ತಡವಾಗಿ. ಅವರಿಗೆ ಉಳಿದದ್ದು ನಾಲ್ಕು ದಿನ.

ಅವರ ಹೊಲಗಳು ಜಯನಗರದ ಬಡಾವಣೆಗೆ ಹೋಗಿದ್ದವು. ಬಡಾವಣೆ ಮುಗಿಯುವಲ್ಲಿ ಅರ್ಧ ಎಕರೆ, ಅದರಲ್ಲೊಂದು ಮನೆ, ಒಂದು ಬಾವಿ ಉಳಿದಿದ್ದವು. ಅದನ್ನೂ ಮುನಿವೆಂಕಟಪ್ಪನವರ ತೀರಿಕೊಂಡ ತಮ್ಮ ತನಗೆ ಬರೆದುಕೊಟ್ಟಿದ್ದಾನೆಂದು ಹೊರಗಿನವನೊಬ್ಬ ದಾವೆ ಹೂಡಿ ಗೆದ್ದಿದ್ದ. ಅಪೀಲಿನಲ್ಲಿ ಆ ಪತ್ರ ನಿಜವೋ ಅಲ್ಲವೋ ಎಂದು ಮತ್ತೊಮ್ಮೆ ನೋಡಬಹುದಿತ್ತು. ಅವರಿಗೆ ಇದ್ದ ದಾರಿ ಅದೊಂದೇ.

ದಿನವೂ ಬಂದು ನಮ್ಮ ಕೋಣೆಯ ಮರದ ಕಟಕಟೆಯಾಚೆ ನಿಲ್ಲುತ್ತಿದ್ದರು.

“ಆಯ್ತಾ ತಾಯಿ?”

“ಬೋರ್ಡು ನೋಡಿ.”

“ನಂಗೆ ಓದಕ್ಕೆ ಬರಲ್ಲ ತಾಯಿ. ನಿಮ್ ಬಾಯಲ್ಲೇ ಹೇಳ್ಬಿಡಿ.”

ನಾನು ಹೇಳುತ್ತಿರಲಿಲ್ಲ. ಕಟಕಟೆಗೆ ಬರುವ ಪ್ರತಿಯೊಬ್ಬರೂ ಏನೋ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರುತ್ತಾರೆಂದು ನಂಬಿದ್ದೆ. ಯಾರಾದರೂ ನಕ್ಕರೆ ಯಾಕೆ ನಕ್ಕರೆಂದು ಯೋಚಿಸುತ್ತಿದ್ದೆ. ನಮ್ಮ ಶಿರಸ್ತೇದಾರರು — ವಿಭಾಗದ ಮೇಲಧಿಕಾರಿ — ಎಲ್ಲರೆದುರು ಚುಡಾಯಿಸುತ್ತಿದ್ದರು: “ಇವರ ಟೇಬಲ್ ಮೇಲೆ ನೊಣ ಕೂರ್ಬೇಕಾದ್ರೂ ಅರ್ಜಿ ಹಾಕ್ಕೋಬೇಕಪ್ಪ.” ಅದು ನನಗೆ ಹೊಗಳಿಕೆಯಂತೆ ಕೇಳಿಸುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಜಯನಗರದ ನಮ್ಮ ಮನೆಯ ಬಾಗಿಲಲ್ಲಿ ಮುನಿವೆಂಕಟಪ್ಪನವರು ನಿಂತಿದ್ದರು, ಕೈಯಲ್ಲಿ ಅವರೆಕಾಯಿ ತುಂಬಿದ ಚೀಲ. ನನ್ನನ್ನು ಕಂಡು ಬೆರಗಾದರು.

“ಓ, ತಾಯಿ ಇರೋದು ಇಲ್ಲೇನಾ?”

ಬೆರಗು ನಟನೆ ಎಂದುಕೊಂಡೆ. ವಿಳಾಸವನ್ನು ಯಾರು ಕೊಟ್ಟಿರಬಹುದು — ಜವಾನನೇ, ವಕೀಲರ ಗುಮಾಸ್ತನೇ — ನಿಂತಲ್ಲೇ ಒಬ್ಬೊಬ್ಬರನ್ನಾಗಿ ಅನುಮಾನಿಸಿದೆ.

“ನಕಲಿಗೋಸ್ಕರ ಮನೆ ತನಕ ಬರ್ಬೇಡಿ. ಇದನ್ನ ತಗೊಂಡು ಹೋಗಿ.”

“ನಕಲಿಗಲ್ಲ ತಾಯಿ, ಇದು…”

ಬಾಗಿಲು ಹಾಕಿದೆ. ಅವರು ಏನು ಹೇಳಲಿದ್ದರೋ ಕೇಳಲಿಲ್ಲ. ಒಳಗೆ ಅಮ್ಮ, “ಹಿರಿಯರ ಹತ್ರ ಹಾಗಾ ಮಾತಾಡೋದು?” ಎಂದಳು. ನಾವು ಆ ಮನೆಗೆ ಬಂದು ಆರು ತಿಂಗಳಾಗಿತ್ತಷ್ಟೆ. ಅವಳಿಗೂ ಅವರ ಪರಿಚಯವಿರಲಿಲ್ಲ.

ಸೋಮವಾರ ಅವರ ಕಡತವನ್ನು ರಾಶಿಯ ಅಡಿಗೆ ಇಟ್ಟೆ. ಅವರೆಕಾಯಿ ತಂದವರ ಕೆಲಸ ಬೇಗ ಆಯಿತೆಂದು ಯಾರೂ ಆಡಿಕೊಳ್ಳಬಾರದು — ಇದು ಆಗ ನನಗೆ ನಾನೇ ಕೊಟ್ಟುಕೊಂಡ ಕಾರಣ. ಪ್ರಾಮಾಣಿಕತೆ ಎಂದೇ ಅದಕ್ಕೆ ಹೆಸರಿಟ್ಟೆ. ಆಮೇಲೆ — ಮರೆತೆ. ಅವರು ದಿನವೂ ಬಂದು ಕೇಳುತ್ತಿದ್ದರೂ, ಕೇಳುವವರ ಮುಖ ನೋಡದೆ, “ಬೋರ್ಡು ನೋಡಿ” ಎನ್ನುತ್ತಲೇ ಇದ್ದೆ.

ಹತ್ತೊಂಬತ್ತನೇ ತಾರೀಕು ಕಡತ ಕೈಗೆ ಸಿಕ್ಕಿತು. ಮಾರನೆಯ ದಿನ ಶಿರಸ್ತೇದಾರರು ರಿಜಿಸ್ಟರು ನೋಡುವವರಿದ್ದರು. ತಡವಾದ ಪ್ರತಿಯೊಂದು ಅರ್ಜಿಗೂ ಬರವಣಿಗೆಯಲ್ಲಿ ಕಾರಣ ಕೊಡಬೇಕು. ಎರಡು ಗಂಟೆಯಲ್ಲಿ ಟೈಪು ಮಾಡಿ ಮುಗಿಸಿದೆ. ಸಿದ್ಧವಾದ ದಿನ ಎಂಬಲ್ಲಿ ಹನ್ನೆರಡು ಎಂದು ಬರೆದೆ. ಹನ್ನೆರಡರ ಪಟ್ಟಿ ಅಷ್ಟರಲ್ಲಿ ಬೋರ್ಡಿನಿಂದ ಇಳಿದು ಫೈಲು ಸೇರಿತ್ತು. ಅದನ್ನು ತೆಗೆದು, ಕೊನೆಯ ಸಾಲಿನ ಕೆಳಗೆ ಅವರ ಅರ್ಜಿಯ ಸಂಖ್ಯೆ ಸೇರಿಸಿದೆ. ಅವರಿಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸಲಿಲ್ಲ. ಎಣಿಸಬಹುದಿತ್ತು — ಬೇಕಾದ್ದೆಲ್ಲ ಕಣ್ಣೆದುರಿಗೇ ಇತ್ತು.

ಅಂದೇ ಅವರು ಹೆಬ್ಬೆಟ್ಟು ಒತ್ತಿ ನಕಲು ತೆಗೆದುಕೊಂಡರು. ಎರಡು ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡರು. ಹನ್ನೆರಡರಿಂದ ಎಣಿಸಿದರೆ ಗಡುವು ಹದಿನಾರಕ್ಕೇ ಮುಗಿದಿತ್ತು. ಅವರು ಹಣೆಗೆ ಒತ್ತಿಕೊಂಡ ಕಾಗದ ಆಗಲೇ ಕೆಲಸಕ್ಕೆ ಬಾರದ್ದಾಗಿತ್ತು.

ಅವರ ವಕೀಲರು ಅಪೀಲಿನೊಂದಿಗೆ ವಿಳಂಬವನ್ನು ಮನ್ನಿಸಬೇಕೆಂಬ ಅರ್ಜಿಯನ್ನೂ ಹಾಕಿದರು: ಕಕ್ಷಿದಾರರು ದಿನವೂ ವಿಚಾರಿಸಿದ್ದಾರೆ, ಹತ್ತೊಂಬತ್ತರವರೆಗೆ ನಕಲು ಆಗಿರಲಿಲ್ಲ. ಮೇಲಿನ ನ್ಯಾಯಾಲಯ ನಮ್ಮಿಂದ ವರದಿ ಕೇಳಿತು. ಶಿರಸ್ತೇದಾರರು ನನ್ನನ್ನು ಕರೆದರು.

“ಏನಮ್ಮಾ, ಹನ್ನೆರಡಕ್ಕೆ ರೆಡಿ ಇತ್ತಾ?”

“ಇತ್ತು ಸಾರ್. ಅವರು ಬಂದು ತಗೊಳ್ಳಲಿಲ್ಲ.”

“ನೀವು ಹೇಳಿದ್ಮೇಲೆ ಮುಗೀತು ಬಿಡಿ.”

ನಿಜಕ್ಕೂ ಮುಗಿಯಿತು. ನಾನು ಸಹಿ ಮಾಡಿದ ವರದಿ ಹೋಯಿತು. ಅಪೀಲು ಗಡುವು ಮೀರಿದೆಯೆಂದು ವಜಾ ಆಯಿತು. ಪತ್ರ ನಿಜವೋ ಸುಳ್ಳೋ ಎಂದು ಯಾರೂ ನೋಡಲಿಲ್ಲ. ಕೆಲವು ತಿಂಗಳಲ್ಲಿ ಕೋರ್ಟಿನ ಆದೇಶ ಜಾರಿ ಮಾಡುವ ಅಮೀನ ಬಂದು ಮನೆ ಬಿಡಿಸಿದ.

ಮುಂದಿನ ಚಳಿಗಾಲದಲ್ಲಿ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಅಮ್ಮನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. “ಈ ಸಲ ಅವರೆಕಾಯಿ ತಾತ ಬರ್ಲೇ ಇಲ್ಲ ನೋಡಿ. ಇದೆಲ್ಲಾ ಅವರ ಹೊಲ ಅಲ್ವಾ, ವರ್ಷಾ ವರ್ಷಾ ಮೊದಲ್ನೇ ಕೊಯ್ಲು ನಮ್ಮ ಸಾಲಿನ ಎಲ್ಲಾರ ಮನೆಗೂ ಕೊಟ್ಟುಹೋಗೋರು.”

ನಕಲಿಗಲ್ಲ ತಾಯಿ, ಇದು — ಅವರು ಮುಗಿಸಲಾಗದ ಮಾತು ಅದು. ಆದರೂ ನಾನು ಬಾಯಿ ಬಿಡಲಿಲ್ಲ. ಇನ್ನೂ ಎರಡು ವರ್ಷ ಬಿಡಲಿಲ್ಲ.

ಕಳೆದ ತಿಂಗಳು ಕಟಕಟೆಗೆ ಒಬ್ಬ ಹೆಂಗಸು ಬಂದರು. ರತ್ನಮ್ಮ, ಮುನಿವೆಂಕಟಪ್ಪನವರ ಮಗಳು. ವಜಾ ಆದದ್ದರ ವಿರುದ್ಧ ಅವರ ತಂದೆ ಹೈಕೋರ್ಟಿನಲ್ಲಿ ಹಾಕಿದ್ದ ಎರಡನೆಯ ಅಪೀಲು ಇನ್ನೂ ಬಾಕಿಯಿತ್ತು. ವಿಚಾರಣೆ ಹತ್ತಿರ ಬಂದಿತ್ತು. ನಮ್ಮ ವಿಭಾಗದ ಆ ವರದಿಯ ನಕಲು ಬೇಕಾಗಿತ್ತು. ಅಂದರೆ ನನ್ನ ಸುಳ್ಳನ್ನು ನಾನೇ ಟೈಪು ಮಾಡಿ, ಮೂಲದಂತೆಯೇ ಇದೆ ಎಂದು ದೃಢೀಕರಿಸಬೇಕಾಗಿತ್ತು.

ಏನೋ ಗೊತ್ತಾಗಿಯೇ ನನ್ನ ಬಳಿಗೆ ಬಂದಿದ್ದಾರೆಂದು ಶಂಕಿಸಿದೆ. ಕನ್ನಡಕ ಏರಿಸಿಕೊಂಡು ಆಕೆಯ ಮುಖ ನೋಡುತ್ತ, “ನಿಮ್ಮ ತಂದೆ ಏನಂತಾರೆ?” ಎಂದೆ.

“ಅಪ್ಪ ವಸಂತಪುರದಲ್ಲಿ ನನ್ ಮನೇಲೇ ಐತೆ ಮೇಡಂ. ಆ ಕನ್ನಡಕದ ತಾಯಿ ನಿಯತ್ತಿನೋರು, ಅವರು ಸುಳ್ ಬರ್ಯಲ್ಲ, ನಾನೇ ಎಲ್ಲೋ ಒಂದ್ ವಾರ ಹೋಗದೆ ಮರ್ತಿದ್ದೀನಿ ಅಂತದೆ. ಈಗ ಯಾವುದಕ್ಕೂ ತನ್ನ ನೆನಪು ನಂಬಲ್ಲ. ಉಂಡ್ರೂ ಉಂಡ್ನಾ ಅಂತ ನನ್ನೇ ಕೇಳ್ತದೆ.”

ನಾನು ಎಲ್ಲರನ್ನೂ ಅನುಮಾನಿಸಿದೆ. ಅವರು ಅನುಮಾನಿಸಿದ್ದು ತಮ್ಮೊಬ್ಬರನ್ನೇ. ಜಮೀನು ಕಳೆದದ್ದಕ್ಕಿಂತ ಇದು ದೊಡ್ಡದೋ ಚಿಕ್ಕದೋ — ಅಳೆಯುವ ಅರ್ಹತೆ ನನಗಿಲ್ಲ. ಆಕೆಯ ಅರ್ಜಿ ತೆಗೆದುಕೊಂಡೆ. ಟೈಪು ಮಾಡಲು ಕೈ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಕೋರ್ಟಿನ ಬಸ್ಸು ಹತ್ತಲಿಲ್ಲ. ಅರ್ಜಿಯಲ್ಲಿದ್ದ ವಿಳಾಸ ನೋಡಿಕೊಂಡು, ಕನಕಪುರ ರಸ್ತೆ ಹಿಡಿದು ವಸಂತಪುರಕ್ಕೆ ಹೋದೆ. ಮುನಿವೆಂಕಟಪ್ಪನವರು ಜಗುಲಿಯ ಬಿಸಿಲಲ್ಲಿ ಕೂತಿದ್ದರು, ರತ್ನಮ್ಮ ಬಾಗಿಲಲ್ಲಿದ್ದರು. ನಿಂತೇ ಹೇಳಿದೆ: “ನೀವು ಮರೆತಿರ್ಲಿಲ್ಲ. ದಿನಾ ಬಂದಿದ್ರಿ. ಹನ್ನೆರಡಕ್ಕೆ ನಕಲು ಆಗಿರ್ಲಿಲ್ಲ. ನಾನು ಸುಳ್ಳು ಬರ್ದೆ.”

“ಯಾಕೆ ತಾಯಿ?” ಎಂದರು.

ರತ್ನಮ್ಮನ ಕಡೆ ತಿರುಗಿ, ಇದನ್ನೇ ಪ್ರಮಾಣ ಮಾಡಿ ಬರೆದುಕೊಡುತ್ತೇನೆ, ವಕೀಲರಲ್ಲಿಗೆ ಕರೆದುಕೊಂಡು ಹೋಗಿ ಎಂದೆ. ನನ್ನ ಕೆಲಸ ಹೋಗುವುದು ಖಚಿತ. ಹೈಕೋರ್ಟು ಒಪ್ಪಿದರೂ ಅವರಿಗೆ ಸಿಗುವುದು ಜಮೀನಲ್ಲ, ಅವರ ಮಾತನ್ನು ಕೋರ್ಟು ಕೇಳಿಸಿಕೊಳ್ಳುವ ಒಂದು ದಿನ ಮಾತ್ರ. ಆಕೆ ಚಪ್ಪಲಿ ಮೆಟ್ಟಿ ಹೊರಟರು. ಬಸ್ ನಿಲ್ದಾಣದವರೆಗೆ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ನಾನು ಬರುತ್ತಿದ್ದೇನೆಯೇ ಎಂದು ಎರಡು ಸಲ ತಿರುಗಿ ನೋಡಿದರು.