ಷಡ್ಡಕನ ವಿಮಾನ, ನನ್ನ ಬಸ್ಸು

ಹೊಟ್ಟೆಕಿಚ್ಚು ಅಂದುಕೊಂಡರೂ ಸರಿ ಸ್ನೇಹಿತರೇ, ಹೇಳಿಯೇಬಿಡುತ್ತೇನೆ. ಇವತ್ತು ದಂಡಿಗನಹಳ್ಳಿಯ ಅತ್ತೆ ಮನೆಯಲ್ಲಿ ಹಬ್ಬದೂಟ. ಎಲ್ಲರಿಗಿಂತ ದೂರದಿಂದ ಬಂದ ಅಳಿಯನಿಗೆ ಮೊದಲು ಕಾಲಿಗೆ ನೀರು ಕೊಡುವುದು ಆ ಮನೆಯ ಪದ್ಧತಿ. ನಾನು ಹಳ್ಳಿಮೈಸೂರಿನಿಂದ ಹೊರಟು, ಹೊಳೆನರಸೀಪುರದಲ್ಲೂ ಚನ್ನರಾಯಪಟ್ಟಣದಲ್ಲೂ ಬಸ್ಸು ಬದಲಿಸಿ, ಮೂರು ಗಂಟೆ ನಿಂತುಕೊಂಡೇ ಬಂದು ಜಗಲಿ ಮುಟ್ಟಿದೆ. ಅದೇ ಹೊತ್ತಿಗೆ ನನ್ನ ಷಡ್ಡಕ ಕಾರಿನಿಂದ ಇಳಿದ. ಹುಬ್ಬಳ್ಳಿಯಿಂದ ಮೈಸೂರಿಗೆ ವಿಮಾನದಲ್ಲಿ ಬಂದಿದ್ದನಂತೆ. ಬ್ಯಾಗಿಗೆ ಅಂಟಿಸಿದ್ದ ವಿಮಾನದ ಚೀಟಿಯನ್ನು ಬೇಕೆಂದೇ ಕಿತ್ತಿರಲಿಲ್ಲ.

"ಬರೀ ಒಂದ್ ಗಂಟೆ ಕಣತ್ತೆ! ಕಣ್ ಮುಚ್ಚಿ ತೆಗೆಯೋದ್ರೊಳಗೆ ಮೈಸೂರು!" ಅಂದ.

"ಪಾಪ, ಅಷ್ಟ್ ದೂರದಿಂದ ಬಂದವ್ರೆ," ಎಂದು ಅತ್ತೆ ನೀರಿನ ಚೊಂಬನ್ನು ಅವನ ಕೈಗೇ ಕೊಟ್ಟರು.

ನನಗೆ ತಡೆಯಲಾಗಲಿಲ್ಲ. "ಅತ್ತೆ, ಅವ್ರು ಕೂತಿದ್ದು ಒಂದ್ ಗಂಟೆ. ನಾನು ನಿಂತಿದ್ದು ಮೂರ್ ಗಂಟೆ."

"ನೀವು ಇಲ್ಲೇ ಪಕ್ಕದೋರಲ್ವಾ, ವಸಿ ತಡೀರಿ."

ಊಟಕ್ಕೆ ಕೂರುವಾಗ ನಾನೂ ಬಸ್ ಟಿಕೆಟನ್ನು ಅಂಗಿ ಜೇಬಿನಿಂದ ಅರ್ಧ ಹೊರಗೆ ಕಾಣುವಂತೆ ಸಿಕ್ಕಿಸಿಕೊಂಡೆ. ಪಲ್ಯ ಬಡಿಸಲು ಬಗ್ಗಿದ ಅತ್ತೆ ಅದನ್ನು ನೋಡಿದರು.

"ಜೇಬಲ್ಲಿ ಅದೇನೋ ಕಸ ಸಿಕ್ಕಂಡದೆ ನೋಡಿ, ಎಲೆ ಮ್ಯಾಲೆ ಬಿದ್ದಾತು," ಅಂದರು.