ಖಾಲಿ ಅಂಗೈಯ ಉರಿ

ಎಡ ಮಣಿಕಟ್ಟಿನ ಬಳಿ ಒಂದು ಗೀರು, ಅಷ್ಟೇ. ಸಿಂಧನೂರಿನ ನಮ್ಮ ಅಂಗಡಿಯಲ್ಲಿ ಎಣ್ಣೆ ಡಬ್ಬಿ ಕತ್ತರಿಸುವಾಗ ತಗಡು ಕೊಯ್ದಿತ್ತು. ಹೊಲಿಗೆ ಬಿಚ್ಚಿದರು, ಗಾಯ ಮಾಯಿತು, ಬೆರಳುಗಳೂ ಚೆನ್ನಾಗಿಯೇ ಆಡುತ್ತವೆ. ಅಂಗೈಗೆ ಮಾತ್ರ ಏನು ತಾಗಿದರೂ ಉರಿ. ಸೆರಗಿನ ಅಂಚು, ಫ್ಯಾನಿನ ಗಾಳಿ, ಕೊನೆಗೆ ನನ್ನ ಇಷ್ಟಲಿಂಗ.

ಮಸ್ಕಿಯ ತವರಿನಲ್ಲಿ ಚಿಕ್ಕವಳಿದ್ದಾಗಲೇ ಕೊರಳಿಗೆ ಬಂದ ಲಿಂಗ ಅದು. ದಿನಾ ಬೆಳಿಗ್ಗೆ ನೇಮದಂತೆ ಎಡ ಅಂಗೈಯಲ್ಲಿಟ್ಟು, ನೀರೆರೆದು, ಅದನ್ನೇ ನೋಡುತ್ತ ಕೂರುವ ಹೊತ್ತೊಂದೇ ನಾನು ಯಾರ ಮೇಲೂ ರೇಗದ ಹೊತ್ತು. ಈಗ ಅದೂ ಹೋಯಿತು. ಲಿಂಗ ಇಟ್ಟ ಕೂಡಲೇ ಕೆಂಡ ಹಿಡಿದಂತಾಗಿ ಎದ್ದುಬಿಡುತ್ತಿದ್ದೆ. ಅಡುಗೆಮನೆ, ಅಂಗಡಿ, ಮತ್ತೆ ಅಡುಗೆಮನೆ. ಎಲ್ಲೂ ನಿಲ್ಲಲಾಗುತ್ತಿರಲಿಲ್ಲ.

“ರೊಟ್ಟಿ ಬಡಿಯೋ ಕೈಗೆ ಲಿಂಗ ಭಾರ ಆತೇನು?” ಎಂದರು ಅತ್ತೆ. ರೊಟ್ಟಿ ಬಡಿಯುವುದು ಬಲಗೈ ಎಂದು ಹೇಳಲು ಹೋಗಿ ಜಗಳವೇ ಆಯಿತು.

ಲಿಂಗಸುಗೂರಿನ ಡಾಕ್ಟರು ಅಂಗೈಗೆ ಹತ್ತಿ ಸವರಿದರು. ಚೀರಿ ಕೈ ಎಳೆದುಕೊಂಡೆ.

“ಗಾಯ ಮಾಯ್ದೈತ್ರೀ, ನರ ಮಾಯ್ದಿಲ್ಲ. ಬೆನ್ನುಹುರಿಯೊಳಗ ನರಗಳು ಸುದ್ದಿ ಮುಟ್ಟಿಸಾಕ ನ್ಯೂರೋಪೆಪ್ಟೈಡ್ ಅಂತ ರಾಸಾಯನಿಕ ಬಿಡ್ತಾವು. ನೋವು ಏರಿಸೋವು ಅದಾವ, ಇಳಿಸೋವು ಅದಾವ. ನರಕ್ಕ ಪೆಟ್ಟಾದ ಮ್ಯಾಲ ಆ ಹದ ತಪ್ಪತೈತಿ. ಬರೇ ಮುಟ್ಟಿದ್ರೂ ಸುಟ್ಟಂಗ ಆಗತೈತಿ.”

“ಅಂದ್ರ ನಾ ಸುಳ್ಳು ಹೇಳಾಕತ್ತಿಲ್ಲ?”

“ಇಲ್ರೀ.”

ಅಷ್ಟಕ್ಕೇ ಅಳು ಬಂತು. ಯಾವಾಗ ವಾಸಿಯಾಗುತ್ತದೆಂದು ಕೇಳಿದರೆ ಗುಳಿಗೆ ಬರೆದು, ನೋಡೋಣ ಎಂದರು.

“ಕೈಗೆ ಪೆಟ್ಟಾದ್ರ ಬೆನ್ನಿನ ಪುರಾಣ ಹೇಳ್ತಾನೇನು ಅಂವ?” ಮನೆಗೆ ಬಂದು ಹೇಳಿದಾಗ ಅತ್ತೆ ಮೂಗು ಮುರಿದರು. ಮರುದಿನ ಅವರು ಬತ್ತಿ ಹೊಸೆಯುತ್ತಿದ್ದರು, ನಾನು ಪಕ್ಕದಲ್ಲಿ ಬೀದಿ ನೋಡುತ್ತ ಕೂತಿದ್ದೆ. ಸದ್ದಿಲ್ಲದೆ ಒಂದೆಳೆ ಹತ್ತಿ ನನ್ನ ಅಂಗೈ ಮೇಲೆ ಬಿಟ್ಟರು. ನಾನು ಕೂಗಿದ ಕೂಗಿಗೆ ಎದುರು ಮನೆಯವರು ಹೊರಗೆ ಬಂದರು.

ಅತ್ತೆ ಆ ಎಳೆಯನ್ನು ಹೆಕ್ಕಿ ತಮ್ಮ ಅಂಗೈಗೆ ಸವರಿಕೊಂಡರು. ಮತ್ತೊಮ್ಮೆ ಸವರಿಕೊಂಡರು. ಮಡಿಯಲ್ಲಿ ಕೂದಲೆಳೆಯಷ್ಟೂ ಸಡಿಲ ಬಿಡದ ಆ ಹೆಂಗಸು ಸಣ್ಣ ದನಿಯಲ್ಲಿ ಹೇಳಿದರು, “ಬಲಗೈಯಾಗ ಹಿಡಕೋ ನನ್ನವ್ವ. ಲಿಂಗಕ್ಕ ಎಡ ಏನು, ಬಲ ಏನು.”

ಆವತ್ತಿನಿಂದ ಬಲ ಅಂಗೈಯಲ್ಲೇ ಪೂಜೆ. ಗುಳಿಗೆಯೂ ನಡೆದಿದೆ. ಈಗ ಮನೆಯಲ್ಲಿ ಯಾರೂ ಕೊಂಕು ಆಡುವುದಿಲ್ಲ. ಆದರೆ ನೋಟ ಲಿಂಗದ ಮೇಲೆ ನಿಲ್ಲಬೇಕಲ್ಲ, ಅದು ನಿಲ್ಲುವುದಿಲ್ಲ. ತೊಡೆಯ ಮೇಲಿಟ್ಟ ಎಡ ಅಂಗೈಯನ್ನೇ ನೋಡುತ್ತ ಕೂರುತ್ತೇನೆ. ಅದರಲ್ಲಿ ಏನೂ ಇಲ್ಲ. ಉರಿಯುತ್ತಲೇ ಇದೆ.