ಯಾವ ಬೆರೆಜೊವ್ಕಾ?

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎದ್ದಿದ್ದೇನೆ. ಒಮ್ಮೆ ಕನ್ನಡಕದ ನೆಪ, ಒಮ್ಮೆ ಕೈನಡುಕದ ನೆಪ. ಕಳೆದ ವಾರ ಇಲ್ಲಿ ಗಲ್ಫಿನ ಅಲ್ ಕುಸೈಸ್‌ನ ಫ್ಲ್ಯಾಟ್‌ನಲ್ಲಿ ಮಗಳು ಹಳೆಯ ಸೂಟ್‌ಕೇಸೊಂದನ್ನು ತೆರೆದಳು. ನುಸಿಗುಳಿಗೆಯ ವಾಸನೆ ಹಾಲ್ ತುಂಬ ಹರಡಿತು. ಮೊಮ್ಮಗಳು ಮೂಗು ಮುಚ್ಚಿಕೊಂಡು ಓಡಿದಳು. ನಾನು ಬಾಲ್ಕನಿಗೆ ಹೋದೆ, ಒಳಗೆ ಬಂದೆ, ಮತ್ತೆ ಬಾಲ್ಕನಿಗೆ ಹೋದೆ.

"ಎಂತ ಅಪ್ಪ, ಉಸಿರು ಕಟ್ಟುತ್ತದಾ?" ಮಗಳು ಕೇಳಿದಳು.

ಹೌದೆಂದೆ.

ಆ ವಾಸನೆಯಲ್ಲಿ ನಾನು ವರ್ಷಗಟ್ಟಲೆ ದುಡಿದವನು. ಇದೇ ನಗರದ ನೈಫ್ ಪೇಟೆಯಲ್ಲಿ ತುಪ್ಪಳದ ಕೋಟುಗಳ ಅಂಗಡಿ. ಹೊರಗೆ ಸುಡುವ ಬಿಸಿಲು. ಒಳಗೆ ಏಸಿಯ ತಂಪಿನಲ್ಲಿ ರಷ್ಯಾದಿಂದ ರಜೆಗೆ ಬಂದವರು ಮೊಣಕಾಲುದ್ದದ ಕೋಟು ತೊಟ್ಟು ಕನ್ನಡಿಯ ಮುಂದೆ ತಿರುಗುತ್ತಿದ್ದರು. ಹೈಸ್ಕೂಲಿಗೇ ಓದು ನಿಲ್ಲಿಸಿದ ನಾನು ಅಂಗಡಿಯಲ್ಲೇ ರಷ್ಯನ್ ಕಲಿತೆ. ಬೆಲೆ ಹೇಳುವಷ್ಟು, ಹೊಗಳುವಷ್ಟು.

ಮ್ಯಾನೇಜರ್ ಮಂಗಳೂರು ಕಡೆಯ ಪೊರ್ಬುಗಳು, ಎಂದರೆ ಕೊಂಕಣಿ ಕ್ರಿಶ್ಚಿಯನ್ನರು. ಅವರು ಕಲಿಸಿದ ವಿದ್ಯೆಯೊಂದಿತ್ತು. ಗಿರಾಕಿಯ ಊರು ಕೇಳುವುದು. ಅವರು ಹೇಳಿದ ಕೂಡಲೇ "ಓಹೋ, ಹೋದ ವಾರವಷ್ಟೇ ನಿಮ್ಮೂರಿನವರು ಬಂದು ಇಂಥದ್ದೇ ಕೋಟು ಒಯ್ದರು" ಎನ್ನುವುದು. ನಮ್ಮಲ್ಲಿ ಹೊಸಹಳ್ಳಿ, ಹೊಸೂರುಗಳು ಎಷ್ಟಿವೆಯೋ ಅಲ್ಲಿ ಬೆರೆಜೊವ್ಕಾ, ಮಿಖೈಲೊವ್ಕಾ, ಅಲೆಕ್ಸಾಂಡ್ರೊವ್ಕಾಗಳು ಅಷ್ಟಿದ್ದವು. ಸುಳ್ಳು ಸಿಕ್ಕಿಬೀಳುವ ಹೆದರಿಕೆಯಿರಲಿಲ್ಲ. "ನಾಲ್ಕು ಹೆಸರು ಬಾಯಿಪಾಠ ಮಾಡು ಮಾರಾಯ, ಅರ್ಧ ರಷ್ಯಾ ನಿನಗೆ ನೆಂಟರೇ" ಎನ್ನುತ್ತಿದ್ದರು.

ಹಿಂದಿನ ಕೋಣೆಯಲ್ಲಿ ಕೋಟುಗಳ ತೋಳು ಗಿಡ್ಡ ಮಾಡಿ, ಲೈನಿಂಗ್ ಹೊಲಿಯುತ್ತಿದ್ದವರು ಒಬ್ಬ ರಷ್ಯನ್ ಹೆಂಗಸು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ಅಕ್ಕ. ನಮ್ಮಿಂದ ಕಲಿತು ಅವರು ನನ್ನನ್ನು ಅಣ್ಣ ಎನ್ನುತ್ತಿದ್ದರು. ನನ್ನ ಅಂಗಡಿ ರಷ್ಯನ್, ಅವರ ಅಂಗಡಿ ಹಿಂದಿ ಸೇರಿಸಿ ಮಾತು ನಡೆಯುತ್ತಿತ್ತು.

ಅಕ್ಕನ ಊರೂ ಒಂದು ಬೆರೆಜೊವ್ಕಾ. ಒಬ್ಬಳೇ ಮಗಳು ಜಗಳವಾಡಿ ಮನೆ ಬಿಟ್ಟವಳು ಎಲ್ಲಿದ್ದಾಳೆಂದೇ ತಿಳಿದಿರಲಿಲ್ಲ. ಹೊಸ ವರ್ಷ ಅಲ್ಲಿ ಮನೆಮಂದಿಯೆಲ್ಲ ಸೇರುವ ಹಬ್ಬ. ಬಂದರೆ ಆಗಲೇ ಬರುತ್ತಾಳೆಂದು ಅಕ್ಕ ಪ್ರತಿ ವರ್ಷ ರಜೆ ಹಾಕಿ ಹೋಗಿ, ಮನೆಯ ಬೀಗ ತೆಗೆದು, ಒಲೆ ಹೊತ್ತಿಸಿ ಕಾಯುತ್ತಿದ್ದರು. ಇಲ್ಲಿ ಅಂಗಡಿಯಲ್ಲಿ ಯಾರಾದರೂ ಬೆರೆಜೊವ್ಕಾ ಎಂದರೆ ಸಾಕು, ಸೂಜಿ ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. "ಯಾವ ಬೆರೆಜೊವ್ಕಾ?" ಯಾವ ಜಿಲ್ಲೆ, ಯಾವ ಹೊಳೆ? ಪ್ರತಿ ಸಲವೂ ಅದು ಬೇರೆ ಯಾವುದೋ ಆಗಿರುತ್ತಿತ್ತು. ನಕ್ಕು ಒಳಗೆ ಹೋಗುತ್ತಿದ್ದರು.

ಒಂದು ಡಿಸೆಂಬರ್ ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಾಗ ಹುಡುಗಿಯೊಬ್ಬಳು ಬಂದು, ಕೋಟು ತೊಟ್ಟು ನೋಡಿ, ಆಮೇಲೆ ಬರುತ್ತೇನೆಂದು ಹೋದಳು. ಅಕ್ಕ ಬಂದಾಗ ಕೋಟು ಇನ್ನೂ ಕೌಂಟರ್ ಮೇಲಿತ್ತು.

"ಯಾರು ಹಾಕಿದ್ದು, ಅಣ್ಣ?"

"ಒಂದು ಹುಡುಗಿ. ಪುನಃ ಬರ್ತಾಳಂತೆ."

"ಎಲ್ಲಿಯವಳು?"

ನಾನು ಕೇಳಿಯೇ ಇರಲಿಲ್ಲ. ಆದರೆ ದಿನವಿಡೀ ಅದನ್ನೇ ಹೇಳಿ ಪಳಗಿದ ನಾಲಿಗೆ... "ಬೆರೆಜೊವ್ಕಾ" ಎಂದೆ.

"ಇಟ್ಟಿಗೆ ಕಾರ್ಖಾನೆ ಇರುವುದಾ? ಹಾಗೇನಾದರೂ ಹೇಳಿದಳಾ?"

"ಹೌದು, ಹೌದು. ಇಟ್ಟಿಗೆ ಅಂತ ಎಂತದೋ ಹೇಳಿದಳು."

ಕೇಳಿದ್ದಕ್ಕೆಲ್ಲ ಹೌದೆನ್ನುವುದೇ ನನ್ನ ಕಸುಬಾಗಿತ್ತು. ಅಕ್ಕ ಆ ಕೋಟನ್ನು ಎತ್ತಿಕೊಂಡರು. ಅದರ ಕಾಲರಿಗೆ ಮುಖವಿಟ್ಟು ಮೂಸಿದರು. ತಾಯಿ ಇಲ್ಲಿರುವುದನ್ನು ಯಾರೋ ಹೇಳಿರಬೇಕು, ಹುಡುಕಿಕೊಂಡೇ ಬಂದಿದ್ದಾಳೆ ಎಂದರು.

ಸಂಜೆ ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. "ಎಂತ ಮೋಡಿ ಮಾಡಿದ್ದು ನೀನು? ಅಕ್ಕನ ರಜೆ ಖಲಾಸ್ ಅಂತೆ, ಈ ಸಲ ಊರಿಗೆ ಹೋಗುವುದಿಲ್ಲವಂತೆ. ಈ ಸೀಸನ್‌ನಲ್ಲಿ ಟೈಲರ್ ಇಲ್ಲದಿದ್ದರೆ ನಾವೆಲ್ಲ ನೊಣ ಹೊಡೀಬೇಕಿತ್ತು." ನಾನು ಹಲ್ಲು ಕಿರಿದೆ. ಕೋಟು ಮಾರಿದರೆ ನನಗೂ ಕಮಿಷನ್ ಇತ್ತು.

ಅಕ್ಕ ತಮ್ಮ ಕುರ್ಚಿಯನ್ನು ಕೋಣೆಯ ಬಾಗಿಲಿಗೆ ಎಳೆದುಕೊಂಡು, ರಸ್ತೆ ಕಾಣುವಂತೆ ಕೂತು ಹೊಲಿದರು. ಗಾಜಿನ ಬಾಗಿಲು ತೆರೆದಾಗಲೆಲ್ಲ ಸೂಜಿ ನಿಲ್ಲುತ್ತಿತ್ತು. ಆ ಹುಡುಗಿ ಮತ್ತೆ ಬರಲಿಲ್ಲ. ನನಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಚಹಾಕ್ಕೆಂದು ಹೋಗುತ್ತಿದ್ದೆ, ಕುಡಿಯದೆ ಬರುತ್ತಿದ್ದೆ. ಇವತ್ತು ಹೇಳುತ್ತೇನೆ, ಟಿಕೆಟ್ ಇನ್ನೂ ಸಿಕ್ಕೀತು... ನಾಳೆ ಹೇಳುತ್ತೇನೆ... ಹಾಗೆಯೇ ಡಿಸೆಂಬರ್ ಮುಗಿಯಿತು.

ಜನವರಿಯ ಮೊದಲ ದಿನಗಳಲ್ಲೊಮ್ಮೆ ಅಕ್ಕ ಬೆಳಿಗ್ಗೆ ಬಂದವರು ಕೂರಲಿಲ್ಲ. ಊರಿನಿಂದ ನೆರೆಮನೆಯವರ ಫೋನ್ ಬಂದಿತ್ತು.

"ಅವಳು ಮನೆಗೆ ಬಂದಿದ್ದಳು, ಅಣ್ಣ. ಬೀಗ ನೋಡಿ, ಹೊಸ ವರ್ಷಕ್ಕೂ ಅಮ್ಮ ಇಲ್ಲವಾ ಅಂದಳಂತೆ. ನನ್ನ ನಂಬರ್ ಕೊಡುತ್ತೇನೆಂದರೂ ಬೇಡ ಅಂದಳಂತೆ. ಮುಂದಿನ ಬಸ್ಸಿಗೇ ಹೋದಳು."

ನನ್ನ ಕೈಯಲ್ಲಿ ಹ್ಯಾಂಗರ್ ಇತ್ತು. ಅದನ್ನು ಎಲ್ಲಿ ತೂಗುಹಾಕಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತೆ. ಅಕ್ಕ ನನ್ನ ತೋಳು ಮುಟ್ಟಿದರು.

"ಇಲ್ಲಿಗೆ ಬಂದವಳು ಬೇರೆ ಬೆರೆಜೊವ್ಕಾದವಳಿರಬೇಕು. ಅಲ್ಲೂ ಇಟ್ಟಿಗೆ ಸುಡುತ್ತಾರೇನೋ. ನಿಮ್ಮ ತಪ್ಪಲ್ಲ, ಅಣ್ಣ. ನಮ್ಮ ಊರಿನ ಹೆಸರೇ ಹಾಗೆ."

ನಾನು ಹೌದೆಂದು ತಲೆಯಾಡಿಸಿದೆ.

ಮೊದಲ ಸುಳ್ಳು ಬಾಯಿಂದ ಜಾರಿದ್ದೆಂದು ಯಾರಾದರೂ ನಂಬಿಯಾರು. ಆದರೆ ಹಾಗೆ ತಲೆಯಾಡಿಸಿದ್ದು ಪೂರ್ತಿ ಎಚ್ಚರದಲ್ಲಿ. ಅಷ್ಟೊಂದು ಬೆರೆಜೊವ್ಕಾಗಳಿದ್ದವು, ನಾನು ಅವುಗಳ ಹಿಂದೆ ಅಡಗಿ ನಿಂತೆ.

ಆ ತಿಂಗಳೇ ಅಕ್ಕ ಕೆಲಸ ಬಿಟ್ಟರು. ಇನ್ನು ಬೀಗ ಹಾಕಿ ಹೊರಡುವುದಿಲ್ಲ ಎಂದರು. ಸೂಟ್‌ಕೇಸನ್ನು ಟ್ಯಾಕ್ಸಿಯವರೆಗೆ ಹೊತ್ತವನು ನಾನೇ. ಡಿಕ್ಕಿ ಮುಚ್ಚಿದ ಮೇಲೂ ಒಂದು ನಿಮಿಷ ಹೊತ್ತಿತ್ತು, ಹೇಳಬಹುದಿತ್ತು. "ಅಣ್ಣ, ಒಂದು ಸಲ ನಮ್ಮೂರಿಗೆ ಬನ್ನಿ" ಎಂದರು ಅಕ್ಕ. ಬರುತ್ತೇನೆ ಎಂದೆ. ಅದೂ ಒಂದು ಸುಳ್ಳು.

ಆಮೇಲೆ ರೂಬಲ್ ಬೆಲೆ ಬಿತ್ತು, ರಷ್ಯನ್ನರು ಕಡಿಮೆಯಾದರು, ಅಂಗಡಿ ಮುಚ್ಚಿತು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಮ್ಯಾನೇಜರ್ ತೀರಿಕೊಂಡರು. ಅಕ್ಕನ ಮಗಳು ಮತ್ತೊಮ್ಮೆ ಆ ಬಾಗಿಲು ತಟ್ಟಿದಳೋ ಇಲ್ಲವೋ, ಕೇಳಿ ತಿಳಿಯೋಣವೆಂದರೆ ಅವರ ವಿಳಾಸ ಬಲ್ಲವರು ಇಲ್ಲಿ ಯಾರೂ ಉಳಿದಿಲ್ಲ.

ಈ ವಾರವಿಡೀ ಫೋನಿನ ಮ್ಯಾಪ್ ತೆರೆದು ಕೂರುತ್ತಿದ್ದೇನೆ. ಬೆರೆಜೊವ್ಕಾ ಎಂದರೆ ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ. ಪ್ರತಿಯೊಂದರ ಪಕ್ಕದಲ್ಲೂ ಎಂಥದೋ ಒಂದು ಹೊಳೆ. ಅಕ್ಕ ಪ್ರತಿ ಗಿರಾಕಿಗೂ ನನ್ನೆದುರಿಗೇ ತಮ್ಮ ಜಿಲ್ಲೆಯ ಹೆಸರು ಹೇಳುತ್ತಿದ್ದರು. ಒಂದು ಸಲವೂ ನಾನದಕ್ಕೆ ಕಿವಿ ಕೊಡಲಿಲ್ಲ. ಬೆರಳಿನಿಂದ ಸರಿಸುತ್ತೇನೆ, ಫೋನ್ ಮಗುಚಿಡುತ್ತೇನೆ, ಮತ್ತೆ ಎತ್ತಿಕೊಳ್ಳುತ್ತೇನೆ...

ಅಕ್ಕ, ಅಕ್ಕ ಎಂದು ಇಷ್ಟೂ ಬರೆದೆ. ಹಾಗೆಂದರೆ ಯಾರೂ ಆಗಬಹುದು. ನಾನು ಕ್ಷಮೆ ಕೇಳದೆ ಉಳಿಸಿಕೊಂಡದ್ದು ಒಬ್ಬರಲ್ಲಿ. ಅವರ ಹೆಸರು ಗಲೀನಾ.